ಚಂದಾ ನವೀಕರಿಸುವ ಮುನ್ನ ಲೆಕ್ಕ ಕೇಳಿ: ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು,
ಬೆಂಗಳೂರು.

ಮಾನ್ಯರೇ,

ವಿಷಯ: ವೈಜ್ಞಾನಿಕ ನಿಯತಕಾಲಿಕೆಗಳು ಚಂದಾ ಪದ್ಧತಿಯಿಂದ ಮುಕ್ತ ಪ್ರವೇಶಕ್ಕೆ (ಯಾರು ಬೇಕಾದರೂ ಹಣ ಕೊಡದೆ ಓದುವ ಪದ್ಧತಿಗೆ) ಹೊರಳುತ್ತಿರುವುದರ ಮೌಲ್ಯಮಾಪನ ಕುರಿತು.

ನಾನು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಅನುದಾನರಹಿತ ಖಾಸಗಿ ಕಾಲೇಜೊಂದರ ಗ್ರಂಥಪಾಲಕಿ. ಪದವಿ ತರಗತಿಗಳ ಜೊತೆಗೆ ರಸಾಯನಶಾಸ್ತ್ರದ ಒಂದು ಸ್ನಾತಕೋತ್ತರ ವಿಭಾಗವೂ ನಮ್ಮಲ್ಲಿದೆ. ಸರ್ಕಾರಿ ಸಂಸ್ಥೆಗಳಿಗೆಲ್ಲ ಸಂಶೋಧನಾ ನಿಯತಕಾಲಿಕೆಗಳ ಚಂದಾವನ್ನು ಒಟ್ಟಾಗಿ ಕೊಳ್ಳುವ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಈಗ ಮಂಜೂರಾಗಿರುವ ಅವಧಿ 2027ರ ಕೊನೆಗೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಮಾತು ಬಂದಾಗ ನಮ್ಮ ವಿಶ್ವವಿದ್ಯಾಲಯಗಳ ಪರವಾಗಿ ದನಿ ಎತ್ತಬೇಕಾದವರು ತಾವು. ಎಷ್ಟು ಲೇಖನಗಳು ಡೌನ್‌ಲೋಡ್ ಆದವು ಎಂಬ ಒಂದೇ ಅಂಕಿಯನ್ನು ನೆಚ್ಚಿಕೊಂಡು ಅಭಿಪ್ರಾಯ ಕೊಡಬೇಡಿ. ನಾವು ಹಣ ಸುರಿಯುತ್ತಿರುವ ನಿಯತಕಾಲಿಕೆಗಳಲ್ಲಿ ಎಷ್ಟು ಚಂದಾದ ಬೇಲಿಯನ್ನು ಕಾಯಂ ಆಗಿ ಕಿತ್ತುಹಾಕಿದವು, ಹಾಗೆ ಕಿತ್ತದ್ದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಎಣಿಸಿ ಅಭಿಪ್ರಾಯ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟಿಗೆ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ವಿಷಯ ಆರಿಸಿಕೊಂಡಿದ್ದಳು. ರಾಯಚೂರು, ಕೊಪ್ಪಳ ಕಡೆಯವರಿಗೆ ಅದು ಪಠ್ಯಪುಸ್ತಕದ ವಿಷಯವಲ್ಲ. ಮನೆಮಂದಿಯ ಹಲ್ಲಿನಲ್ಲಿ, ಮೊಣಕಾಲಿನಲ್ಲಿ ಕಾಣುವ ವಿಷಯ. ಹುಡುಕುವಾಗ ನಮ್ಮ ಜಿಲ್ಲೆಯ ಬಾವಿಗಳ ನೀರನ್ನೇ ಪರೀಕ್ಷಿಸಿ ಬರೆದ ಒಂದು ಲೇಖನ ಸಿಕ್ಕಿತು. ಸಾರಾಂಶ ಓದಿದೆವು. ಬಾವಿವಾರು ಕೋಷ್ಟಕ ಬೇಕಿತ್ತು. ಅಲ್ಲಿಗೆ ಬಂದರೆ ಪರದೆಯ ಮೇಲೆ 39 ಡಾಲರ್ 95 ಸೆಂಟ್ ಎಂಬ ಬೆಲೆ ತೋರಿಸಿತು. ಮೂರು ಸಾವಿರ ರೂಪಾಯಿಗೂ ಮಿಕ್ಕಿದ ಹಣ, ಒಂದು ಲೇಖನಕ್ಕೆ. “ನಮ್ಮೂರ ನೀರಿನ ಲೆಕ್ಕ ನಾವು ನೋಡಾಕ ರೊಕ್ಕ ಕೊಡಬೇಕೇನ್ರಿ ಮೇಡಂ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ರಾಯಚೂರಿನಲ್ಲಿ ಓದುತ್ತಿದ್ದ ಅವಳ ಸಂಬಂಧಿಕನೊಬ್ಬ ಅಲ್ಲಿನ ಕ್ಯಾಂಪಸ್‌ನಿಂದ ಆ ಲೇಖನ ಇಳಿಸಿ ವಾಟ್ಸಾಪ್‌ನಲ್ಲಿ ಕಳಿಸಿದ. ಅದು ನಿಯಮಕ್ಕೆ ಹೊರತಾದದ್ದು ಎಂದು ಗ್ರಂಥಪಾಲಕಿಯಾದ ನನಗೆ ಗೊತ್ತು, ಗೊತ್ತಿದ್ದೂ ಸುಮ್ಮನಿದ್ದೆ. ಇಲ್ಲಿ ತಾವು ಗಮನಿಸಬೇಕಾದದ್ದು ಇಷ್ಟು: ಆ ಡೌನ್‌ಲೋಡ್ ಯೋಜನೆಯ ಬಳಕೆ ವರದಿಯಲ್ಲಿ ಕ್ಯಾಂಪಸ್‌ನ ಖಾತೆಗೆ ಒಂದಾಗಿ ಸೇರಿರುತ್ತದೆ. ನಮ್ಮ ಹುಡುಗಿ ಹೊರಗೆ ನಿಂತದ್ದು ಯಾವ ಕಾಲಂನಲ್ಲೂ ಇರುವುದಿಲ್ಲ.

ಯೋಜನೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಈ ಯೋಜನೆಗೆ 2025, 2026, 2027ರ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿ ಇಡಲಾಗಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಶಿಕ್ಷಣ ಸಂಸ್ಥೆಗಳು, ಕೇಂದ್ರದ ಸಂಶೋಧನಾ ಸಂಸ್ಥೆಗಳು ಸೇರಿ 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ, ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಬೆಸೆಯುವ ಜಾಲವಾದ ಇನ್‌ಫ್ಲಿಬ್‌ನೆಟ್ ಮೂಲಕ ತೆರೆದಿವೆ. ಫಲಾನುಭವಿಗಳು 1.8 ಕೋಟಿ ಎಂದು ಸರ್ಕಾರ ಹೇಳಿದೆ. ಭಾಗಿಸಿದರೆ ತಲೆಗೆ ವರ್ಷಕ್ಕೆ 1,100 ರೂಪಾಯಿ ಚಿಲ್ಲರೆ. ಹಿಂದೆ ಐಐಟಿಗಳಿಗೆ ಸಿಗುತ್ತಿದ್ದ ಓದು ಇಂದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಸಿಗುವುದು ದೊಡ್ಡ ಮಾತು. ಆದರೆ ಖಾಸಗಿ ಕಾಲೇಜುಗಳು ಈ ಹಂತದಲ್ಲಿ ಹೊರಗಿವೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳು, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ನಿವೃತ್ತರು, ಇವರೆಲ್ಲರೂ ಹೊರಗಿದ್ದಾರೆ. ಚಂದಾ ಎಂಬುದರ ಗುಣವೇ ಅದು: ಎಷ್ಟೇ ದೊಡ್ಡದಾಗಿ ಕೊಂಡರೂ ಅದಕ್ಕೊಂದು ಗೇಟು ಇದ್ದೇ ಇರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರಾದ ನಮಗೆ ಈ ಬಗೆಯ ಲೆಕ್ಕ ಹೊಸದೇನಲ್ಲ. ಡ್ಯಾಮಿನಿಂದ ಇಂತಿಷ್ಟು ಕ್ಯುಸೆಕ್ ಬಿಟ್ಟಿದ್ದೇವೆ ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನವೇ ನಮ್ಮ ರೈತರು ಕಾಲುವೆಯ 104ನೇ ಮೈಲಿನಲ್ಲಿ ನೀರಿನ ಮಟ್ಟದ ಗೇಜ್ ಎಷ್ಟಿದೆ ಎಂದು ಕೇಳುತ್ತಾರೆ. ಬಿಟ್ಟ ನೀರು ಸುಳ್ಳೆಂದು ಅವರು ಹೇಳುವುದಿಲ್ಲ. ಅಳೆಯುವ ಜಾಗ ಯಾವುದು ಎಂಬುದು ಅವರ ತಕರಾರು.

ಹಾಗಾದರೆ ನಿಯತಕಾಲಿಕೆಯೊಂದು ‘ಹೊರಳಿತು’ ಎನ್ನುವುದು ಯಾವಾಗ? ಇಲ್ಲಿ ಬಹಳ ಗೊಂದಲವಿದೆ, ಆ ಗೊಂದಲದಿಂದ ಪ್ರಕಾಶಕರಿಗೆ ಲಾಭವೂ ಇದೆ. ಇಂದು ದೊಡ್ಡ ಪ್ರಕಾಶಕರ ಬಹುಪಾಲು ನಿಯತಕಾಲಿಕೆಗಳು ‘ಹೈಬ್ರಿಡ್’ ಸ್ಥಿತಿಯಲ್ಲಿವೆ. ಎಂದರೆ, ಗ್ರಂಥಾಲಯಗಳಿಂದ ಚಂದಾ ಪಡೆಯುವುದು ನಿಂತಿಲ್ಲ. ಅದೇ ಸಂಚಿಕೆಯಲ್ಲಿ ಯಾವ ಲೇಖಕ ಎಪಿಸಿ ಎಂಬ ಪ್ರಕಟಣಾ ಶುಲ್ಕ ಕಟ್ಟುತ್ತಾನೋ ಅವನ ಲೇಖನವನ್ನು ಮಾತ್ರ ಎಲ್ಲರಿಗೂ ತೆರೆದಿಡುತ್ತಾರೆ. ಒಂದೇ ಸಂಚಿಕೆಗೆ ಓದುವವರ ಕಡೆಯಿಂದಲೂ ಬರೆಯುವವರ ಕಡೆಯಿಂದಲೂ ಹಣ. ಈ ಸ್ಥಿತಿ ತಾತ್ಕಾಲಿಕ, ಪೂರ್ತಿ ಮುಕ್ತವಾಗುವ ದಾರಿಯಲ್ಲಿ ಒಂದು ತಂಗುದಾಣ ಎಂದು ಹೇಳಿಯೇ ಯುರೋಪಿನಲ್ಲಿ ‘ಪರಿವರ್ತನಾ ಒಪ್ಪಂದ’ಗಳನ್ನು ಮಾಡಿಕೊಂಡರು. ಚಂದಾದ ಹಣವನ್ನೂ ಪ್ರಕಟಣಾ ಶುಲ್ಕವನ್ನೂ ಒಂದೇ ಕರಾರಿನಲ್ಲಿ ಕಟ್ಟಿ ಕ್ರಮೇಣ ಚಂದಾ ಕರಗಿಸುವುದು ಅದರ ಲೆಕ್ಕಾಚಾರವಾಗಿತ್ತು.

ಆ ತಂಗುದಾಣದಿಂದ ಎಷ್ಟು ಬಂಡಿ ಮುಂದೆ ಹೊರಟವು ಎಂದು ಅವರು ಎಣಿಸಿ ನೋಡಿದ್ದಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪರವಾಗಿ ಇಂಥ ಕರಾರುಗಳನ್ನು ಮಾಡುವ ಜಿಸ್ಕ್ ಸಂಸ್ಥೆ 2024ರಲ್ಲಿ ತನ್ನದೇ ಒಪ್ಪಂದಗಳ ಪರಾಮರ್ಶೆ ನಡೆಸಿ, 2018ರಿಂದ 2022ರವರೆಗಿನ ವೇಗದಲ್ಲೇ ಸಾಗಿದರೆ ಐದು ದೊಡ್ಡ ಪ್ರಕಾಶಕರು ಆ ಒಪ್ಪಂದಗಳಲ್ಲಿರುವ ನಿಯತಕಾಲಿಕೆಗಳನ್ನು ಪೂರ್ತಿ ಮುಕ್ತಗೊಳಿಸಲು ಕನಿಷ್ಠ 70 ವರ್ಷ ಬೇಕು ಎಂದು ಬರೆಯಿತು. ಅದಕ್ಕೂ ಹಿಂದಿನ ವರ್ಷ, ‘ಪ್ಲಾನ್ ಎಸ್’ ಎಂಬ ಹೆಸರಿನಲ್ಲಿ 2018ರಲ್ಲಿ ಒಂದಾದ, ಸಂಶೋಧನೆಗೆ ಧನಸಹಾಯ ಕೊಡುವ ಸಂಸ್ಥೆಗಳ ಕೂಟವು ‘ಪರಿವರ್ತನಶೀಲ’ ಎಂದು ತಾನೇ ಮಾನ್ಯ ಮಾಡಿದ್ದ 2,326 ನಿಯತಕಾಲಿಕೆಗಳ ಲೆಕ್ಕ ತೆಗೆಯಿತು. ಮುಕ್ತ ಲೇಖನಗಳ ಪಾಲನ್ನು ಪ್ರತಿ ವರ್ಷ ನಿಗದಿಯಷ್ಟು ಹೆಚ್ಚಿಸುತ್ತ ಶೇ 75 ಮುಟ್ಟಿದಾಗ ಪೂರ್ತಿ ಹೊರಳಬೇಕೆಂಬುದು ಷರತ್ತು. 2022ರ ಗುರಿಯನ್ನು 1,589 ನಿಯತಕಾಲಿಕೆಗಳು ಮುಟ್ಟಿರಲಿಲ್ಲ. ಅವನ್ನು ಪಟ್ಟಿಯಿಂದ ಕೈಬಿಡಲಾಯಿತು. ಪೂರ್ತಿ ಮುಕ್ತವಾದವು 26. ಯುರೋಪಿನ ಯೋಜನೆಯನ್ನು ನಕಲು ಮಾಡಬೇಕೋ ಬೇಡವೋ ಎಂಬ ಚರ್ಚೆ ಬೇರೆ. ನನಗೆ ಹಿಡಿಸಿದ್ದು, ಅವರು ಗುರಿಯನ್ನು ಮೊದಲೇ ಬರೆದಿಟ್ಟಿದ್ದರು, ಸೋತಾಗ ಸೋಲನ್ನು ಅಂಕಿಗಳ ಸಮೇತ ಪ್ರಕಟಿಸಿದರು ಎಂಬುದು.

ನಮ್ಮಲ್ಲಿ ಅಂಥ ಗುರಿ ಸಾರ್ವಜನಿಕವಾಗಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಯುರೋಪ್, ಅಮೆರಿಕಗಳ ಹಣದಿಂದ ತೆರೆದುಕೊಂಡ ಲೇಖನಗಳು ಅದೇ ಹೈಬ್ರಿಡ್ ನಿಯತಕಾಲಿಕೆಗಳಲ್ಲಿ ವರ್ಷದಿಂದ ವರ್ಷಕ್ಕೆ ಸೇರಿಕೊಳ್ಳುತ್ತಿವೆ. ಅವನ್ನು ಮಾನ್ವಿಯ ಸೈಬರ್ ಸೆಂಟರಿನಲ್ಲಿ ಕುಳಿತೂ ಬಿಟ್ಟಿಯಾಗಿ ಓದಬಹುದು. ಅಂದ ಮೇಲೆ ಇಡೀ ನಿಯತಕಾಲಿಕೆಗೆ ನಾವು ಕೊಡುವ ಚಂದಾ ಅಷ್ಟರ ಮಟ್ಟಿಗೆ ಇಳಿಯಬೇಕಲ್ಲವೇ? ಅರ್ಧ ಚೀಲ ಅಕ್ಕಿಯನ್ನು ಬೇರೆಯವರು ಆಗಲೇ ದಾನ ಮಾಡಿದ್ದರೆ ಪೂರ್ತಿ ಚೀಲದ ದರ ಕೇಳುವ ಅಂಗಡಿಯವನನ್ನು ಗಂಗಾವತಿ ಪೇಟೆಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ನಮಗೆ ಕೊಟ್ಟ ಪಟ್ಟಿಯ ಪ್ರತಿ ನಿಯತಕಾಲಿಕೆಯಲ್ಲಿ ವರ್ಷವಾರು ಎಷ್ಟು ಲೇಖನಗಳು ಈಗಾಗಲೇ ಮುಕ್ತವಾಗಿವೆ ಎಂದು ತಿಳಿಯಲು ದೊಡ್ಡ ಆಯೋಗವೇನೂ ಬೇಡ. ಅನ್‌ಪೇವಾಲ್, ಓಪನ್‌ಅಲೆಕ್ಸ್ ಎಂಬ ಉಚಿತ ದತ್ತಾಂಶಗಳಿವೆ. ಪಟ್ಟಿಯನ್ನೂ ಇಬ್ಬರು ಗ್ರಂಥಾಲಯ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳನ್ನೂ ಕೊಟ್ಟರೆ ಕೆಲವೇ ತಿಂಗಳಲ್ಲಿ ಆಗುವ ಕೆಲಸ. 2024ನ್ನು ಆಧಾರ ವರ್ಷವಾಗಿ ಇಟ್ಟುಕೊಂಡರೆ ಯೋಜನೆ ಬರುವ ಮುನ್ನ ಹೇಗಿತ್ತು, ಬಂದ ಮೇಲೆ ಏನಾಯಿತು ಎಂಬುದೂ ಗೊತ್ತಾಗುತ್ತದೆ.

ಇನ್ನು ಬರೆಯುವವರ ಕಡೆ. ಬೇಲಿ ಕಿತ್ತರಷ್ಟೇ ಸಾಲದು, ಕಿತ್ತ ಬೇಲಿಯನ್ನು ಲೇಖಕರ ಮುಂದೆ ನೆಟ್ಟರೇ ಎಂದೂ ನೋಡಬೇಕು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ‘ನ್ಯೂಕ್ಲಿಯಿಕ್ ಆಸಿಡ್ಸ್ ರಿಸರ್ಚ್’ 2005ರಲ್ಲಿಯೇ ಪೂರ್ತಿ ಹೊರಳಿದ ಹೆಸರಾಂತ ನಿಯತಕಾಲಿಕೆ. ಓದುಗರಿಗೆ ಅದು ನಿಜವಾದ ಲಾಭ, ಆದರೆ ಖರ್ಚಿನ ಭಾರ ಲೇಖಕರ ಶುಲ್ಕದ ಕಡೆಗೆ ವಾಲಿತು. ‘ನೇಚರ್’ ತನ್ನ ಮುಕ್ತ ಪ್ರಕಟಣೆಯ ಶುಲ್ಕವನ್ನು 2020ರಲ್ಲಿ 9,500 ಯೂರೋ ಎಂದು ಘೋಷಿಸಿದಾಗ ನಮ್ಮ ಅಧ್ಯಾಪಕರು ನಕ್ಕರು, ಏಕೆಂದರೆ ಅದು ನಮ್ಮ ಕನಸಿನ ಪಟ್ಟಿಯಲ್ಲೂ ಇಲ್ಲದ ಹೆಸರು. ನಗು ನಿಲ್ಲುವುದು ಸಾಧಾರಣ ನಿಯತಕಾಲಿಕೆಗಳು ಎರಡು, ಎರಡೂವರೆ ಸಾವಿರ ಡಾಲರ್ ಕೇಳಿದಾಗ. ಬಡ ದೇಶಗಳ ಲೇಖಕರಿಗೆ ಕೊಡುವ ಶುಲ್ಕ ವಿನಾಯಿತಿಯಿಂದ ಕೆಲವು ದೊಡ್ಡ ಪ್ರಕಾಶಕರು ಭಾರತವನ್ನು ಹೊರಗಿಟ್ಟಿದ್ದಾರೆ. ದೇಶದ ಒಟ್ಟು ಆರ್ಥಿಕತೆ ದೊಡ್ಡದು ಎಂಬುದು ಕಾರಣ. ಒಟ್ಟು ಆರ್ಥಿಕತೆಯಿಂದ ಮಾನ್ವಿಯ ಅತಿಥಿ ಉಪನ್ಯಾಸಕರ ಸಂಬಳ ಏರುವುದಿಲ್ಲ.

ಯೋಜನೆಯಲ್ಲಿ ಆಯ್ದ ಉತ್ತಮ ಮುಕ್ತ ನಿಯತಕಾಲಿಕೆಗಳಲ್ಲಿ ಪ್ರಕಟಿಸುವವರಿಗೆಂದು ವರ್ಷಕ್ಕೆ 150 ಕೋಟಿ ರೂಪಾಯಿಯ ನೆರವೂ ಇದೆ. ಲೇಖನಕ್ಕೆ ಎರಡು ಲಕ್ಷ ರೂಪಾಯಿಯಂತೆ ಹಿಡಿದರೆ ಅದು 7,500 ಲೇಖನಗಳಿಗೆ ಸಾಕಾಗುತ್ತದೆ. ಭಾರತದಿಂದ ವರ್ಷಕ್ಕೆ ಹೊರಬರುವ ಸಂಶೋಧನಾ ಲೇಖನಗಳು ಎರಡು ಲಕ್ಷಕ್ಕೂ ಹೆಚ್ಚು. ಆ ಏಳೂವರೆ ಸಾವಿರದಲ್ಲಿ ಕಲ್ಯಾಣ ಕರ್ನಾಟಕದ ಪಾಲೆಷ್ಟು ಎಂಬುದು ನನ್ನ ಮಟ್ಟಿಗೆ ಡೌನ್‌ಲೋಡ್ ಸಂಖ್ಯೆಗಿಂತ ಮುಖ್ಯವಾದ ಅಂಕಿ.

ಹಣವಿಲ್ಲದವರು ಏನು ಮಾಡುತ್ತಾರೆಂದು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಅಧ್ಯಾಪಕಿಯೊಬ್ಬರ ಲೇಖನ ಒಳ್ಳೆಯ ನಿಯತಕಾಲಿಕೆಯೊಂದರಲ್ಲಿ ಅಂಗೀಕಾರವಾಯಿತು. ಮುಕ್ತವಾಗಿಸಲು ಎರಡು ಸಾವಿರ ಡಾಲರ್ ಎಂಬ ಇಮೇಲ್ ಬಂತು. ಕಟ್ಟಲಾಗದೆ ‘ಚಂದಾದಾರರಿಗೆ ಮಾತ್ರ’ ಎಂಬ ಆಯ್ಕೆಗೆ ಒತ್ತಿದರು. ಇಂದು ಆ ಲೇಖನವನ್ನು ಅವರು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲೇ ಓದಲು ಬರುವುದಿಲ್ಲ. ಮರುವರ್ಷ ಬಡ್ತಿಯ ಅರ್ಜಿ ಹಾಕಬೇಕಿದ್ದ ಇನ್ನೊಬ್ಬರು ಬೇರೆ ದಾರಿ ಹಿಡಿದರು. ಮೂರು ಸಾವಿರ ರೂಪಾಯಿ ಫೋನ್‌ಪೇ ಮಾಡಿದ ಐದನೇ ದಿನಕ್ಕೆ ‘ಅಂತರರಾಷ್ಟ್ರೀಯ’ ಎಂಬ ಹಣೆಪಟ್ಟಿಯ ನಿಯತಕಾಲಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು, ಪ್ರಮಾಣಪತ್ರದ ಸಮೇತ. ಅದೂ ‘ಓಪನ್ ಆಕ್ಸೆಸ್’ ಎಂದೇ ಕರೆದುಕೊಳ್ಳುತ್ತದೆ. 2025ರ ಫೆಬ್ರುವರಿಯಲ್ಲಿ ಯುಜಿಸಿ, ಒಪ್ಪತಕ್ಕ ನಿಯತಕಾಲಿಕೆಗಳನ್ನು ಹೆಸರಿಸುತ್ತಿದ್ದ ತನ್ನ ‘ಕೇರ್’ ಪಟ್ಟಿಯನ್ನು ನಿಲ್ಲಿಸಿ ನಿಯತಕಾಲಿಕೆಗಳ ಗುಣಮಟ್ಟ ನೋಡಿಕೊಳ್ಳುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿತು. ಆ ಪಟ್ಟಿಯಲ್ಲಿ ದೋಷಗಳಿದ್ದುದು ನಿಜ. ಆದರೆ ಹೊಣೆ ಹೊರಬೇಕಾದ ಸಮಿತಿ ನಮ್ಮಂಥ ಎಷ್ಟು ಕಾಲೇಜುಗಳಲ್ಲಿ ಒಮ್ಮೆಯಾದರೂ ಸಭೆ ಸೇರಿದೆಯೋ, ತಾವೇ ವಿಚಾರಿಸಿ ನೋಡಿ. ಮೌಲ್ಯಮಾಪನದಲ್ಲಿ ‘ಮುಕ್ತ’ ಎಂಬ ಒಂದೇ ಕಾಲಂ ಇಟ್ಟರೆ ಇಂಥವೂ ಅದರಲ್ಲಿ ನುಸುಳುತ್ತವೆ.

ಓದುಗರಿಂದಲೂ ಲೇಖಕರಿಂದಲೂ ಹಣ ಕೇಳದೆ ಹೊರಳಿದ ಉದಾಹರಣೆಗಳಿವೆ, ಅವುಗಳತ್ತ ನನಗೆ ಒಲವಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಣ ಭೌತಶಾಸ್ತ್ರದಲ್ಲಿ ಯುರೋಪಿನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯ ಮುಂದಾಳತ್ವದ ಸ್ಕೋಪ್3 ಒಕ್ಕೂಟ 2014ರ ಜನವರಿಯಿಂದ ಕೆಲಸ ಮಾಡುತ್ತಿದೆ. ನಲವತ್ತಕ್ಕೂ ಹೆಚ್ಚು ದೇಶಗಳ ಗ್ರಂಥಾಲಯಗಳು, ಸಂಶೋಧನಾ ಸಂಸ್ಥೆಗಳು ಚಂದಾಕ್ಕೆ ಕೊಡುತ್ತಿದ್ದ ಹಣವನ್ನೇ ಒಂದೆಡೆ ಕೂಡಿಸಿ ಪ್ರಕಾಶಕರಿಗೆ ಕೊಡುತ್ತವೆ. ಲೇಖಕರು ಏನನ್ನೂ ಕೊಡುವುದಿಲ್ಲ. ‘ಆನ್ಯುಯಲ್ ರಿವ್ಯೂಸ್’ ಎಂಬ ಲಾಭರಹಿತ ಪ್ರಕಾಶನದ ದಾರಿ ಇನ್ನೂ ಸರಳ. ಹಳೆಯ ಚಂದಾದಾರರು ಎಂದಿನಂತೆ ನವೀಕರಿಸಿದರೆ ಆ ವರ್ಷದ ಸಂಪುಟ ಲೋಕಕ್ಕೆಲ್ಲ ಮುಕ್ತ, ಸಾಕಷ್ಟು ಮಂದಿ ನವೀಕರಿಸದಿದ್ದರೆ ಮತ್ತೆ ಬೇಲಿಯ ಒಳಗೆ. 2023ರಲ್ಲಿ ಅದರ 51 ನಿಯತಕಾಲಿಕೆಗಳೂ ಈ ವಿಧಾನದಲ್ಲಿ ತೆರೆದವು. ವರ್ಷ ವರ್ಷವೂ ಮುಂದುವರಿದೀತೇ ಎಂಬ ಆತಂಕ ಇದರಲ್ಲಿ ಇದ್ದದ್ದೇ. ಆದರೂ ಇಡೀ ದೇಶಕ್ಕೆ ಒಂದೇ ಚಂದಾ ಕೊಡುವ ನಮ್ಮಂಥ ಗಿರಾಕಿಯ ಕೈಯಲ್ಲಿ ಎಷ್ಟು ಬಲವಿದೆ ಎಂದು ಯೋಚಿಸಿ. ವರ್ಷಕ್ಕೆ ಎರಡು ಸಾವಿರ ಕೋಟಿ ಕೊಡುವವನು ‘ಈ ಹಣಕ್ಕೆ ಪ್ರತಿಯಾಗಿ ಇಂತಿಷ್ಟು ನಿಯತಕಾಲಿಕೆಗಳನ್ನು ತೆರೆಯಿರಿ’ ಎಂದು ಕೇಳಬಹುದು. ಕೇಳಿದ್ದೇವೆಯೇ ಎಂಬುದು ತಿಳಿಯಬೇಕಾದರೆ ಕರಾರಿನ ಷರತ್ತುಗಳು ಬಹಿರಂಗವಾಗಬೇಕು.

ನಮ್ಮ ಮನೆಯಂಗಳದ ಉದಾಹರಣೆಗಳನ್ನೂ ಮರೆಯಬಾರದು. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ನಿಯತಕಾಲಿಕೆಗಳನ್ನು ಅಕಾಡೆಮಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2013ರಲ್ಲಿ ಮುಕ್ತ ಪ್ರವೇಶ ನೀತಿ ಪ್ರಕಟಿಸಿತು. ಅದರ ಕೃಷಿ ವಿಜ್ಞಾನ, ಪಶು ವಿಜ್ಞಾನ ನಿಯತಕಾಲಿಕೆಗಳು ತೆರೆದಿವೆ. ಇವುಗಳಿಗೆ ಬೇಕಾದದ್ದು ಒಳ್ಳೆಯ ಸಂಪಾದಕರು, ಹೊತ್ತಿಗೆ ಸರಿಯಾಗಿ ಬರುವ ಸಂಚಿಕೆ ಮತ್ತು ಡಾಲರುಗಳ ಮುಂದೆ ತೃಣಮಾತ್ರವಾದ ಅನುದಾನ. ಇವು ಹೊರಳಿ ಎಷ್ಟೋ ವರ್ಷಗಳಾದವು, ಆದರೆ ಹೊರಳುವಿಕೆಯ ಲೆಕ್ಕ ಬಂದಾಗ ಇವುಗಳ ಹೆಸರು ಬರುವುದಿಲ್ಲ.

ಕನ್ನಡದ ಓದುಗರಾದ ನಮಗೆ ಇದರಲ್ಲಿ ಇನ್ನೂ ಒಂದು ಮಾತಿದೆ. 2021ರ ಕೊನೆಯಲ್ಲಿ ಮೆಣಸಿನಕಾಯಿ ಹೂವಿಗೆ ಕಪ್ಪು ಥ್ರಿಪ್ಸ್ ಬಿದ್ದು ಬಳ್ಳಾರಿ, ರಾಯಚೂರಿನ ರೈತರು ಕಂಗಾಲಾದಾಗ, ಪರಿಚಯದ ಕೃಷಿ ಪದವೀಧರನೊಬ್ಬ ಅದರ ಬಗ್ಗೆ ಬಂದ ಸಂಶೋಧನೆಗಳನ್ನು ಕನ್ನಡದ ಕೈಪತ್ರಿಕೆ ಮಾಡಬೇಕೆಂದು ನಮ್ಮ ಗ್ರಂಥಾಲಯಕ್ಕೆ ಬಂದ. ಕೀಟದ ಚಿತ್ರಗಳಿದ್ದ ಒಂದು ಲೇಖನ ಪುಕ್ಕಟೆ ಓದಲು ತೆರೆದಿತ್ತು. ಕೆಳಗೆ ಸಣ್ಣಕ್ಷರದಲ್ಲಿದ್ದ, ಲೇಖನವನ್ನು ಹೇಗೆ ಮರುಬಳಸಬಹುದೆಂದು ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಕೊನೆಗೆ ‘ಎನ್‌ಸಿ-ಎನ್‌ಡಿ’ ಎಂದಿತ್ತು. ಎಂದರೆ, ವ್ಯಾಪಾರಕ್ಕೆ ಬಳಸುವಂತಿಲ್ಲ, ಬದಲಿಸಿ ಹಂಚುವಂತಿಲ್ಲ. ಅನುವಾದವೂ ಬದಲಾವಣೆಯೇ. ಓದಬಹುದು, ಕನ್ನಡಕ್ಕೆ ತಂದು ಊರವರಿಗೆ ಹಂಚಬೇಕಾದರೆ ಒಪ್ಪಿಗೆ ಬೇಡಬೇಕು. ಅದೇ ‘ಸಿಸಿ ಬೈ’ ಪರವಾನಗಿ ಇದ್ದಿದ್ದರೆ ಮೂಲದ ಹೆಸರು ಹಾಕಿ ಅಂದೇ ಅಚ್ಚಿಗೆ ಕೊಡಬಹುದಿತ್ತು. ಇಮೇಲ್ ಬರೆದೆವು, ಉತ್ತರ ಬರುವ ಹೊತ್ತಿಗೆ ಗಿಡಗಳನ್ನು ಕಿತ್ತು ಹಾಕಿ ಆಗಿತ್ತು. ಆದ್ದರಿಂದ ತಾವು ಮಾಡುವ ಎಣಿಕೆಯಲ್ಲಿ ಪರವಾನಗಿಗೆ ಒಂದು ಕಾಲಂ ಇರಲಿ. ಅನುವಾದಿಸಲು ಬಾರದ ಮುಕ್ತತೆ ಇಂಗ್ಲಿಷ್ ಬಲ್ಲವರ ಮಟ್ಟಿಗಿನ ಮುಕ್ತತೆ.

ಗ್ರಂಥಪಾಲಕರಷ್ಟೇ ತಲೆ ಕೆಡಿಸಿಕೊಳ್ಳುವ ಒಂದು ವಿಷಯವನ್ನೂ ಸೇರಿಸುತ್ತೇನೆ. ನಾನು ವೃತ್ತಿಗೆ ಬಂದ ಹೊಸದರಲ್ಲಿ, ಬೇರೊಂದು ಕಾಲೇಜಿನಲ್ಲಿ, ಬಂದ ಪ್ರತಿ ಸಂಚಿಕೆಯನ್ನು ದಾಖಲೆ ಕಾರ್ಡುಗಳ ಕಪಾಟಾದ ಕಾರ್ಡೆಕ್ಸ್‌ನಲ್ಲಿ ಗುರುತು ಹಾಕಿ ವರ್ಷದ ಕೊನೆಗೆ ಬೈಂಡಿಂಗ್‌ಗೆ ಕೊಡುತ್ತಿದ್ದೆವು. ಮುಂದೆ ಹಣವಿಲ್ಲದೆ ಚಂದಾ ನಿಂತಿತು. ಕೆಂಪು ಕ್ಯಾಲಿಕೋ ಹೊದಿಕೆಯ ಆ ಸಂಪುಟಗಳು ಇಂದಿಗೂ ಅಲ್ಲಿನ ಕಪಾಟಿನಲ್ಲಿವೆ. ಧೂಳು ಕೊಡವಿ ಓದಬಹುದು. ಆನ್‌ಲೈನ್ ಚಂದಾದಲ್ಲಿ ಕಪಾಟು ಪ್ರಕಾಶಕನದು. 2027ರ ನಂತರ ಯಾವ ಕಾರಣಕ್ಕೋ ಒಪ್ಪಂದ ನಿಂತರೆ, ಈ ಮೂರು ವರ್ಷ ನಾವು ಹಣ ಕೊಟ್ಟು ಓದಿದ ಸಂಪುಟಗಳು ಉಳಿಯುತ್ತವೆಯೇ? ಹೊರಳಿದ ನಿಯತಕಾಲಿಕೆಗಳಲ್ಲಿ ಕೂಡ ಹೊರಳುವ ಮುಂಚಿನ ಹಳೆಯ ಸಂಪುಟಗಳು ತೆರೆದವೇ, ಅವು ಬೇಲಿಯೊಳಗೇ ಉಳಿದವೇ ಎಂದು ಬೇರೆಯಾಗಿ ನೋಡಬೇಕಾಗುತ್ತದೆ.

ಆದ್ದರಿಂದ ಪರಿಷತ್ತಿನಲ್ಲಿ ನನ್ನ ಬೇಡಿಕೆ ಇಷ್ಟೆ. ರಾಜ್ಯದ ಮಟ್ಟದಲ್ಲಿ ಸಣ್ಣದೊಂದು ಅಧ್ಯಯನ ತಂಡವನ್ನು ಈಗಲೇ ನೇಮಿಸಿ, ಅದರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಒಬ್ಬ ಗ್ರಂಥಪಾಲಕರಾದರೂ ಇರಲಿ. ಮೇಲೆ ಹೇಳಿದ ಎಣಿಕೆಯನ್ನು 2027ರ ಮಧ್ಯಭಾಗದೊಳಗೆ ಮುಗಿಸಿ, ಮಾತುಕತೆ ಶುರುವಾಗುವ ಮುನ್ನ ಕೇಂದ್ರಕ್ಕೆ ಕಳಿಸಿ, ಕನ್ನಡದಲ್ಲೂ ಪ್ರಕಟಿಸಿ. ಎಷ್ಟು ನಿಯತಕಾಲಿಕೆಗಳು ಯಾವ ವರ್ಷದೊಳಗೆ ಹೊರಳಬೇಕು ಎಂಬ ಗುರಿಯನ್ನು ಮುಂದಿನ ಕರಾರಿನಲ್ಲಿ ಬರೆಸಲು ಒತ್ತಾಯಿಸಿ. ಅಲ್ಲಿಯವರೆಗೆ ಖಾಸಗಿ ಕಾಲೇಜುಗಳ ವಿದ್ಯಾರ್ಥಿಗಳು ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಗುರುತಿನ ಚೀಟಿ ತೋರಿಸಿ ಹೋಗಿ, ಅಲ್ಲಿಯೇ ಕುಳಿತು ಓದಲು ಅನುಮತಿ ಕೊಡಿಸಿ. ಮಾನ್ವಿಯಿಂದ ರಾಯಚೂರಿಗೆ ಬಸ್ಸಿದೆ, ನಮ್ಮ ಹುಡುಗಿಯರಿಗೆ ಶಕ್ತಿ ಯೋಜನೆಯ ಟಿಕೆಟ್ಟೂ ಇದೆ.

ಯೋಜನೆ ಆರಂಭವಾದ 2025ರ ಜನವರಿಯಿಂದ ನಮ್ಮ ಗ್ರಂಥಾಲಯದಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಯಾರು, ಯಾವ ಲೇಖನ ಕೇಳಿದರು, ಸಿಕ್ಕಿತೇ, ಸಿಗದಿದ್ದರೆ ಪರದೆಯ ಮೇಲೆ ಎಷ್ಟು ಬೆಲೆ ತೋರಿಸಿತು ಎಂದು ಬರೆದುಕೊಂಡಿದ್ದೇನೆ. ಅದರ ಜೆರಾಕ್ಸ್ ಪ್ರತಿಯನ್ನು, ಹೆಸರಿನ ಕಾಲಂ ಮುಚ್ಚಿ, ಈ ಪತ್ರದೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಂಥಪಾಲಕಿ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ